ನ್ಯಾಚೆಜ್‌ನ ಹಳೆ ಮನೆಗಳು: ಯಾವುದಕ್ಕೆ ಟಿಕೆಟ್ ತಗೋಬೇಕು, ಯಾವುದನ್ನು ಬಿಡಬಹುದು

ನ್ಯಾಚೆಜ್‌ನಲ್ಲಿ ಮೂರನೇ ಮನೆ ಮುಗಿಯುವ ಹೊತ್ತಿಗೆ ನಮ್ಮವ್ವ ಕೈ ಎತ್ತಿಬಿಟ್ಟರು. "ಇನ್ನೊಂದು ಕನ್ನಡಿ, ಇನ್ನೊಂದು ಸೋಫಾ ನೋಡು ಅಂದ್ರ ನಾ ಕಾರಿನ್ಯಾಗ ಕುಂದರ್ತೀನಿ, ನೀವು ಹೋಗಿ ಬರ್ರಿ." ತಪ್ಪು ಅವರದಲ್ಲ, ನನ್ನದು. ಒಂದೇ ಥರದ ಮೂರು ಮನೆಗಳನ್ನು ಸಾಲಾಗಿ ಆರಿಸಿದ್ದೆ. ಎರಡನೇ ಸಲ ಹೋದಾಗ ಸ್ವಲ್ಪ ಬುದ್ಧಿ ಬಂದಿತ್ತು.

ಊರಿರುವುದು ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದಲ್ಲಿ, ಅದೇ ಹೆಸರಿನ ನದಿಯ ಎತ್ತರದ ದಂಡೆಯ ಮೇಲೆ. ಜನಸಂಖ್ಯೆ 14,500ರ ಆಸುಪಾಸು, ಅಂದರೆ ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು. ನ್ಯೂ ಓರ್ಲಿಯನ್ಸ್‌ನಿಂದ ಕಾರಿನಲ್ಲಿ ಮೂರು ಗಂಟೆ, ಬ್ಯಾಟನ್ ರೂಜ್‌ನಿಂದ ಒಂದೂವರೆ, ಹ್ಯೂಸ್ಟನ್‌ನಿಂದ ಸುಮಾರು ಆರು. ಟೆಕ್ಸಸ್ ಕಡೆ ಇರುವ ಕನ್ನಡದವರು ಊರಿಂದ ಅಪ್ಪ ಅಮ್ಮ ಬಂದಾಗ ಹೇಗೂ ನ್ಯೂ ಓರ್ಲಿಯನ್ಸ್‌ಗೆ ಕರೆದುಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ಒಂದು ದಿನ ಜಾಸ್ತಿ ಇದ್ದರೆ ಇತ್ತ ತಿರುಗಬಹುದು.

ಇಷ್ಟು ಸಣ್ಣ ಊರಲ್ಲಿ ಅಷ್ಟೊಂದು ಅರಮನೆಯಂಥ ಮನೆಗಳು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಹತ್ತಿ. 1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಶುರುವಾದ ಅಂತರ್ಯುದ್ಧಕ್ಕೆ ಮುಂಚೆ ಹತ್ತಿ ಸಾಹುಕಾರರ ಹೊಲಗಳು ಬಹಳಷ್ಟು ನದಿಯಾಚೆ, ಲೂಸಿಯಾನಾದ ತಗ್ಗು ನೆಲದಲ್ಲಿದ್ದವು. ಅಲ್ಲಿ ದುಡಿಯುವವರು ಗುಲಾಮರು. ಸಾಹುಕಾರರು ಮಾತ್ರ ಈಚೆ ದಂಡೆಯ ಗಾಳಿಯಲ್ಲಿ ಮನೆ ಕಟ್ಟಿಕೊಂಡರು. ಹಾಗಾಗಿ ಕಿಟಕಿಯಾಚೆ ಹತ್ತಿ ಹೊಲ ಕಾಣುತ್ತೆ ಅಂದುಕೊಂಡು ಹೋಗಬೇಡಿ. ಇವು ಪೇಟೆ ಮನೆಗಳು, ಇಲ್ಲವೇ ಪೇಟೆ ಅಂಚಿನ ಬಂಗಲೆಗಳು.

ಯುದ್ಧದಲ್ಲಿ ಇವು ಉಳಿದಿದ್ದಕ್ಕೂ ಕಾರಣವಿದೆ. 1862ರ ಮೇ ತಿಂಗಳಲ್ಲಿ ಉತ್ತರದವರ ಹಡಗುಗಳು ಬಂದಾಗ ಊರು ಜಗಳವಾಡದೆ ಶರಣಾಯಿತು. ಸೆಪ್ಟೆಂಬರ್‌ನಲ್ಲಿ ಒಂದು ಯುದ್ಧನೌಕೆ ಗುಂಡು ಹಾರಿಸಿದ್ದು ಬಿಟ್ಟರೆ ದೊಡ್ಡ ಹಾನಿ ಆಗಲಿಲ್ಲ. ಯುದ್ಧ ಮುಗಿದ ಮೇಲೆ ಸಾಹುಕಾರರ ಕೈ ಬರಿದಾಯಿತು. ಕೆಡವಿ ಹೊಸದು ಕಟ್ಟೋಣ ಅಂದರೆ ದುಡ್ಡಿಲ್ಲ. ಮನೆಗಳು ಹಾಗೇ ಉಳಿದವು.

ಆಮೇಲಿನದು ಒಂದು ತಮಾಷೆಯ ಕಥೆ. 1931ರ ವಸಂತದಲ್ಲಿ ಇಲ್ಲಿ ರಾಜ್ಯದ ತೋಟಗಾರಿಕೆ ಕ್ಲಬ್‌ಗಳ ಸಮ್ಮೇಳನ. ತೋಟ ನೋಡಲು ಹೆಂಗಸರೆಲ್ಲ ಬರುತ್ತಾರೆ ಅನ್ನುವಾಗ ಹಿಮ ಬಿದ್ದು ಹೂವೆಲ್ಲ ಕರಕಲಾಯಿತು. ಸರಿ, ತೋಟ ಇಲ್ಲದಿದ್ದರೆ ಮನೆ ತೋರಿಸೋಣ ಅಂತ ಬಾಗಿಲು ತೆರೆದರು. ಬಂದವರಿಗೆ ಹೂವಿಗಿಂತ ಮನೆಗಳೇ ಹಿಡಿಸಿಬಿಟ್ಟವು. ಮರುವರ್ಷ, 1932ರಲ್ಲಿ, 'ಪಿಲ್‌ಗ್ರಿಮೇಜ್' ಅಂತ ಹೆಸರಿಟ್ಟು ಟಿಕೆಟ್ ಮಾರಿದರು. ದುಡ್ಡು ಬಂತು, ಜೊತೆಗೆ ಜಗಳವೂ ಬಂತು. ಕ್ಲಬ್ ಎರಡು ಹೋಳಾಗಿ ಕೋರ್ಟು ಮೆಟ್ಟಿಲು ಹತ್ತಿತು. ಸ್ಟ್ಯಾಂಟನ್ ಹಾಲ್ ಮತ್ತು ಲಾಂಗ್‌ವುಡ್ ಪಿಲ್‌ಗ್ರಿಮೇಜ್ ಗಾರ್ಡನ್ ಕ್ಲಬ್ಬಿನ ಪಾಲಿಗೆ ಬಂದವು. ಎಲಿಕಾಟ್ ಬೆಟ್ಟದ ಮನೆಯನ್ನು ಎತ್ತಿ ನಿಲ್ಲಿಸಿದ್ದು ನ್ಯಾಚೆಜ್ ಗಾರ್ಡನ್ ಕ್ಲಬ್. ಇದು ನಿಮಗೆ ಯಾಕೆ ಬೇಕು ಅಂದರೆ, ಇಲ್ಲಿ ಒಂದೊಂದು ಮನೆಗೆ ಒಬ್ಬೊಬ್ಬ ಯಜಮಾನ. ಕ್ಲಬ್, ಸರ್ಕಾರ, ನಗರಸಭೆ, ಖಾಸಗಿಯವರು. ಟಿಕೆಟ್ ಬೇರೆ, ಸಮಯ ಬೇರೆ, ಮುಖ್ಯವಾಗಿ ಹೇಳುವ ಕಥೆಯೇ ಬೇರೆ. ನಾನು ಆರಿಸುವುದು ಈ ಕಥೆ ನೋಡಿಕೊಂಡು. ಕಂಬ ಎಲ್ಲ ಕಡೆ ಇದ್ದೇ ಇದೆ.

ಮೊದಲ ಗೊಂದಲ: ಸ್ಟ್ಯಾಂಟನ್ ಹಾಲೋ, ಲಾಂಗ್‌ವುಡ್ಡೋ?

ಒಂದೇ ಕ್ಲಬ್ಬಿನ ಎರಡು ಮನೆ. ಪೋಸ್ಟ್‌ಕಾರ್ಡ್‌ಗಳಲ್ಲಿ ಕಾಣುವುದೂ ಇವೇ. ಒಂದಕ್ಕೇ ಹೋಗುವುದಾದರೆ ಯಾವುದು?

ಸ್ಟ್ಯಾಂಟನ್ ಹಾಲ್ ಊರ ನಡುವೆ ಇದೆ. ಸುತ್ತ ನಾಲ್ಕು ಬೀದಿ, ನಡುವೆ ಈ ಮನೆ ಒಂದೇ. ಐರ್ಲೆಂಡ್‌ನಿಂದ ಬಂದು ಹತ್ತಿ ವ್ಯಾಪಾರದಲ್ಲಿ ಮೇಲೆ ಬಂದ ಫ್ರೆಡರಿಕ್ ಸ್ಟ್ಯಾಂಟನ್ 1857ರಲ್ಲಿ ಕಟ್ಟಿ ಮುಗಿಸಿದ. ತನ್ನ ಊರಿನ ನೆನಪಿಗೆ 'ಬೆಲ್‌ಫಾಸ್ಟ್' ಅಂತ ಹೆಸರಿಟ್ಟಿದ್ದ. 1859ರಲ್ಲಿ ತೀರಿಕೊಂಡ, ಮನೆಯ ಸುಖ ಪಡಲಿಲ್ಲ. ಒಳಗೆ ಇಟಲಿಯ ಅಮೃತಶಿಲೆಯ ಒಲೆಗಟ್ಟೆ, ಫ್ರಾನ್ಸ್‌ನ ಕನ್ನಡಿ, ಗ್ಯಾಸ್‌ನಿಂದ ಉರಿಯುತ್ತಿದ್ದ ತೂಗುದೀಪ. ಚೆನ್ನಾಗಿದೆ, ನಿಜ. ಮದುವೆ ಛತ್ರದ ಹಾಗೆ ಚೆನ್ನಾಗಿದೆ.

ಲಾಂಗ್‌ವುಡ್ ಊರಾಚೆ, ಮರಗಳ ನಡುವೆ. ಎಂಟು ಮೂಲೆಯ ಮನೆ. ಮೇಲೆ ಈರುಳ್ಳಿ ಆಕಾರದ ಗುಮ್ಮಟ. ಹಾಲರ್ ನಟ್ ಅನ್ನುವ ಹತ್ತಿ ಸಾಹುಕಾರ ಫಿಲಡೆಲ್ಫಿಯಾದ ವಾಸ್ತುಶಿಲ್ಪಿ ಸ್ಯಾಮುಯೆಲ್ ಸ್ಲೋನ್ ಕೈಯಲ್ಲಿ ನಕ್ಷೆ ಬರೆಸಿ 1860ರಲ್ಲಿ ಕೆಲಸ ಶುರು ಮಾಡಿಸಿದ. 32 ಕೋಣೆಗಳ ಯೋಜನೆ. ಮರುವರ್ಷ ಯುದ್ಧ ಬಂತು. ಉತ್ತರದಿಂದ ಬಂದಿದ್ದ ಕೆಲಸಗಾರರು ಸಲಕರಣೆ ಅಲ್ಲಲ್ಲೇ ಬಿಟ್ಟು ಊರಿಗೆ ಹೋದರು. ಗುಲಾಮರ ಕೈಯಲ್ಲಿ ನೆಲಮಾಳಿಗೆಯ ಒಂಬತ್ತು ಕೋಣೆಗಳನ್ನು ಹೇಗೋ ಮುಗಿಸಿ ಸಂಸಾರ ಅಲ್ಲಿಗೆ ಇಳಿಯಿತು. 1864ರಲ್ಲಿ ನಟ್ ನ್ಯುಮೋನಿಯಾದಿಂದ ಸತ್ತ. ಹೆಂಡತಿ ಜೂಲಿಯಾ ಮಕ್ಕಳನ್ನು ಕಟ್ಟಿಕೊಂಡು ಆ ಕೆಳಗಿನ ಕೋಣೆಗಳಲ್ಲೇ 1897ರಲ್ಲಿ ಸಾಯುವವರೆಗೂ ಇದ್ದಳು. ಮೇಲಿನ ಅಂತಸ್ತುಗಳು ಅವತ್ತಿನಿಂದ ಇವತ್ತಿನವರೆಗೂ ಹಾಗೇ ಇವೆ.

ಕೆಳಗಿನ ಕೋಣೆಗಳಲ್ಲಿ ಮಾಮೂಲಿ ಕುರ್ಚಿ, ಮೇಜು, ಚಿತ್ರ. ಆಮೇಲೆ ಮೆಟ್ಟಿಲು ಹತ್ತಿಸುತ್ತಾರೆ. ಹತ್ತಿದ ಕೂಡಲೇ ಗೋಡೆಯ ಗಾರೆ ಮಾಯ. ಬರೀ ಇಟ್ಟಿಗೆ. ತಲೆ ಎತ್ತಿದರೆ ನಡುವಿನ ದೊಡ್ಡ ಬಾವಿಯಂಥ ಜಾಗ ಗುಮ್ಮಟದ ತನಕ ಬರಿದಾಗಿ ಮೇಲೇರುತ್ತದೆ. ತೊಲೆಗಳು ಅಡ್ಡಡ್ಡ ಹಾದುಹೋಗಿವೆ. ಮೇಲಿನ ಕಿಟಕಿಗಳಿಂದ ಬೆಳಕು ಇಳಿದು ಧೂಳಿನಲ್ಲಿ ಉದ್ದುದ್ದ ಗೆರೆಯಾಗಿ ನಿಂತಿರುತ್ತದೆ. ಒಂದು ಮೂಲೆಯಲ್ಲಿ ಹಲಗೆ ಪೆಟ್ಟಿಗೆಗಳು, ಬಣ್ಣದ ಡಬ್ಬಗಳು. ಆ ಹೊತ್ತಲ್ಲಿ ಗೈಡ್ ಏನು ಹೇಳುತ್ತಿದ್ದಳೋ ನಾನು ಕೇಳಿಸಿಕೊಳ್ಳಲಿಲ್ಲ. ಅಪ್ಪ ಮೆಲ್ಲಗೆ "ಮನೆ ಕಟ್ಟಿ ನೋಡು" ಅಂದರು. ಅರ್ಧವೇ ಅಂದರು. ಉಳಿದರ್ಧ ನಟ್‌ಗೆ ಬೇಕಾಗಿಯೇ ಇರಲಿಲ್ಲ. ನಮ್ಮೂರಲ್ಲಿ ಮೇಲಂತಸ್ತು ಮುಂದೆ ಕಟ್ಟೋಣ ಅಂತ ಕಬ್ಬಿಣದ ಸರಳು ಬಿಟ್ಟು ಕೆಳಗೆ ಗೃಹಪ್ರವೇಶ ಮಾಡಿಕೊಂಡ ಮನೆಗಳು ನೆನಪಾದವು.

ಅಪ್ಪ ಹುಬ್ಬಳ್ಳಿ ಹತ್ತಿರದ ಎರೆ ಹೊಲದಲ್ಲಿ ಹತ್ತಿ ಬೆಳೆದವರು. ಅವರಿಗೆ ಇನ್ನೊಂದು ಲೆಕ್ಕ ಹೊಳೆಯಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೂ ಬೀಜವನ್ನೂ ತರಿಸಿ ಭಾರತದಲ್ಲಿ ಬಿತ್ತಿಸಿ ನೋಡಿತು. ಹೆಚ್ಚಿನ ಕಡೆ ಸೋತಿತು, ಧಾರವಾಡದ ಸೀಮೆಯಲ್ಲಿ ಹತ್ತಿತು. ಆ ಹತ್ತಿಗೆ ವ್ಯಾಪಾರಿಗಳು 'ಧಾರವಾಡ್-ಅಮೆರಿಕನ್' ಅಂತಲೇ ಹೆಸರಿಟ್ಟಿದ್ದರು. ಯುದ್ಧದಲ್ಲಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಬೇಕಾಯಿತು. ಮುಂಬೈ ಪೇಟೆಯಲ್ಲಿ ದರ ಗಗನಕ್ಕೇರಿತು, ನಮ್ಮ ಸೀಮೆಯ ಹತ್ತಿಗೂ ಬಂಗಾರದ ಬೆಲೆ ಬಂತು. "ಇಲ್ಲಿ ಗಾರೆ ಮಾಡ್ಲಿಕ್ಕೆ ಇಟ್ಟ ರೊಕ್ಕ ಅಲ್ಲಿ ನಮ್ಮ ದಲಾಲರ ಗಲ್ಲೆಗೆ ಹೋತು ನೋಡು" ಅಂದರು ಅಪ್ಪ. ಲೆಕ್ಕ ಅಷ್ಟು ನೇರ ಇರಲಿಕ್ಕಿಲ್ಲ. ಆದರೂ ಗುಮ್ಮಟದ ಕೆಳಗೆ ನಿಂತು ಕೇಳಲು ಚೆನ್ನಾಗಿತ್ತು.

ಹಾಗಾಗಿ ನನ್ನ ಮತ ಲಾಂಗ್‌ವುಡ್‌ಗೆ, ಅನುಮಾನವೇ ಇಲ್ಲ. ಸ್ಟ್ಯಾಂಟನ್ ಹಾಲ್ ಯಾರಿಗೆ? ಹಳೆ ಪೀಠೋಪಕರಣದ ಹುಚ್ಚು ಇರುವವರಿಗೆ, ಇಲ್ಲವೇ ಕಾರು ಎತ್ತದೆ ನಡೆದೇ ಊರು ನೋಡುವವರಿಗೆ. ಹೊರಗಿನಿಂದ ನೋಡಲು ಟಿಕೆಟ್ ಬೇಡ, ಬೀದಿಯಿಂದಲೇ ಪೂರ್ತಿ ಕಾಣುತ್ತದೆ. ಲಾಂಗ್‌ವುಡ್‌ಗೆ ಹೋಗುವವರು ಒಂದು ಮಾತ್ರ ನೆನಪಿಡಿ. ಮೇಲೆ ಎಸಿ ಇಲ್ಲ. ಜುಲೈ-ಆಗಸ್ಟ್‌ನಲ್ಲಿ ಅಲ್ಲಿನ ಸೆಕೆ ಮೇ ತಿಂಗಳ ಮಂಗಳೂರಿನ ಸೆಕೆ. ಬೆಳಿಗ್ಗೆ ಮೊದಲ ಪಾಳಿಗೇ ಹೋಗಿ.

ಎರಡನೆಯ ಗೊಂದಲ: ರೊಸಾಲಿಯೋ, ಮೆಲ್‌ರೋಸೋ?

ರೊಸಾಲಿ ನದಿ ದಂಡೆಯ ಮೇಲೇ ಇದೆ. 1716ರಲ್ಲಿ ಫ್ರೆಂಚರು ಕಟ್ಟಿದ ರೊಸಾಲಿ ಕೋಟೆಯ ಜಾಗದ ಪಕ್ಕ. ಮರದ ಮಿಲ್ಲಿನ ಪೀಟರ್ ಲಿಟಲ್ 1823ರಲ್ಲಿ ಮುಗಿಸಿದ ಇಟ್ಟಿಗೆ ಮನೆ. ಆಮೇಲೆ ಊರಲ್ಲಿ ಎದ್ದ ಎಷ್ಟೋ ಮನೆಗಳು ಇದನ್ನೇ ನೋಡಿ ಕಟ್ಟಿದವು. ಇದೇ ನದಿಯ ಮೇಲಿನ ವಿಕ್ಸ್‌ಬರ್ಗ್ ಪಟ್ಟಣ ಉತ್ತರದವರ ಕೈಗೆ ಬಿದ್ದ ಮೇಲೆ 1863ರಲ್ಲಿ ಉತ್ತರದ ಸೈನ್ಯ ಇದನ್ನು ಕಚೇರಿ ಮಾಡಿಕೊಂಡಿತ್ತು. ಆ ಸೈನ್ಯದ ಜನರಲ್ ಗ್ರ್ಯಾಂಟ್ ಕೂಡ ಸ್ವಲ್ಪ ದಿನ ಉಳಿದಿದ್ದ. ಮನೆಯವರು ಬಳಸಿದ್ದ ಕೆತ್ತನೆಯ ಪೀಠೋಪಕರಣ ಹಾಗೇ ಇದೆ, ಅದು ಇದರ ಹೆಗ್ಗಳಿಕೆ. ನನಗೆ ಒಳಗಿಗಿಂತ ಹಿಂದಿನ ತೋಟದಿಂದ ಕಾಣುವ ನದಿಯೇ ಹಿಡಿಸಿತು.

ಮೆಲ್‌ರೋಸ್ ವಿಷಯ ಬೇರೆ. ಇದು ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿದೆ. ಪೆನ್ಸಿಲ್ವೇನಿಯಾದಿಂದ ಬಂದ ವಕೀಲ ಜಾನ್ ಮ್ಯಾಕ್‌ಮರನ್ 1840ರ ದಶಕದಲ್ಲಿ ಕಟ್ಟಿಸಿದ್ದು. ಮುಂಭಾಗ ನಾಲ್ಕು ಕಂಬದ ಮಾಮೂಲಿ ಚಂದ. ಆದರೆ ಇಲ್ಲಿ ಹಿತ್ತಲೂ ಉಳಿದಿದೆ. ಅಡುಗೆಮನೆ, ಹಾಲಿನ ಮನೆ, ಕುದುರೆ ಲಾಯ, ಗುಲಾಮರ ಮನೆಗಳು. ಬೇರೆ ಕಡೆ ಗೈಡ್ ಬಾಯಿಮಾತಲ್ಲಿ ದಾಟಿಸುವುದನ್ನು ಇಲ್ಲಿ ಕಾಲಿಂದ ಅಳೆಯಬಹುದು. ಅಡುಗೆಮನೆಯಿಂದ ಊಟದ ಕೋಣೆಗೆ ಎಷ್ಟು ಹೆಜ್ಜೆ, ಬಿಸಿ ಪಾತ್ರೆ ಹಿಡಿದು ಎಷ್ಟು ಮೆಟ್ಟಿಲು, ಅಂತ. ಅವ್ವ ಎಣಿಸಿದರು. ಹಿಂಭಾಗದ ಜಗಲಿಯಲ್ಲಿ ಸಾಲಾಗಿ ಗಂಟೆಗಳು. ಒಂದೊಂದು ಕೋಣೆಗೆ ಒಂದೊಂದು ದನಿ. ಯಾವ ದನಿ ಯಾವ ಕೋಣೆ ಅಂತ ಗೊತ್ತಿರಬೇಕಾಗಿದ್ದು ಓಡಬೇಕಾದವರಿಗೆ.

ಊಟದ ಕೋಣೆಯಲ್ಲಿ ಮೇಜಿನ ಮೇಲೆ, ಸೂರಿನಿಂದ ಒಂದು ದೊಡ್ಡ ಮಹಾಗನಿ ಹಲಗೆ ತೂಗಿಬಿಟ್ಟಿದ್ದಾರೆ. ಬಾಗಿಲಿಗಿಂತ ಅಗಲ, ಅಂಚಲ್ಲೆಲ್ಲ ಕೆತ್ತನೆ. ಅದಕ್ಕೊಂದು ಹಗ್ಗ. ಗೈಡ್ ಅದರ ಹೆಸರು ಹೇಳಿದ: "ಪಂಕಾ." ಅವ್ವ ತಟ್ಟನೆ ನನ್ನ ಕಡೆ ತಿರುಗಿದರು. ಧಾರವಾಡ ಕಡೆ ಫ್ಯಾನಿಗೆ ಇವತ್ತಿಗೂ ಪಂಕಾ ಅಂತಲೇ ಅನ್ನುವುದು. ಹಿಂದಿಯ ಪಂಖಾ ಇಂಗ್ಲಿಷರ ಬಾಯಿಗೆ ಬಿದ್ದು ಸಮುದ್ರ ದಾಟಿ ಇಲ್ಲಿ ಬಂದು ನೇತಾಡುತ್ತಿದೆ. ವಸ್ತುವಿನ ಜೊತೆ ಪದ್ಧತಿಯೂ ಬಂದಿದೆ. ಅಲ್ಲಿ ಬ್ರಿಟಿಷರ ಬಂಗಲೆಯಲ್ಲಿ ಹಗ್ಗ ಎಳೆಯಲು ಒಬ್ಬ ಕೂಲಿಯವ, ಇಲ್ಲಿ ಮೂಲೆಯಲ್ಲಿ ನಿಂತ ಒಬ್ಬ ಗುಲಾಮ ಹುಡುಗ. ಜೋರಾಗಿ ಎಳೆದರೆ ಮೇಣದಬತ್ತಿ ಆರುತ್ತೆ, ಮೆಲ್ಲಗೆ ಎಳೆದರೆ ನೊಣ ಕೂರುತ್ತೆ. ಊಟ ಮುಗಿಯುವ ತನಕ ಅದೇ ಲಯ. ಅವ್ವ ಆ ಮೂಲೆಯನ್ನೇ ನೋಡುತ್ತ ನಿಂತಿದ್ದರು. ಕಾರಿನಲ್ಲಿ ಕೂರುವ ಮಾತೇ ಎತ್ತಲಿಲ್ಲ.

ಮೆಲ್‌ರೋಸ್‌ನ ಅಂಗಳ, ಹಿತ್ತಲು ನೋಡಲು ದುಡ್ಡಿಲ್ಲ. ದೊಡ್ಡ ಮನೆಯ ಒಳಗೆ ಹೋಗಲು ಮಾತ್ರ ಟಿಕೆಟ್. ಅದೂ ಖಾಸಗಿ ಮನೆಗಳಿಗಿಂತ ಅಗ್ಗ. ಮಕ್ಕಳಿದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಓಡಾಡಲು ಜಾಗ ಇದೆ, "ಮುಟ್ಟಬೇಡ" ಅಂತ ಗದರುವ ಕೆಲಸ ಅರ್ಧ ಕಮ್ಮಿ.

ಜನ ಬಿಟ್ಟು ಬರುವ ಮನೆ

ಸ್ಟೇಟ್ ಸ್ಟ್ರೀಟ್‌ನಲ್ಲಿ ಒಂದು ಸಾದಾ ಇಟ್ಟಿಗೆ ಮನೆ ಇದೆ. ಮುಂದೆ ಕಂಬದ ಸಾಲೂ ಇಲ್ಲ, ತೋಟವೂ ಇಲ್ಲ. ಪ್ರವೇಶ ಉಚಿತ. ದೊಡ್ಡ ಮನೆಗಳ ಟಿಕೆಟ್ ಕೊಂಡವರು ಇದರ ಮುಂದೆಯೇ ಹಾದು ಹೋಗುತ್ತಾರೆ. ಹೋಗಲಿ ಬಿಡಿ, ನಿಮಗೆ ಜಾಗ ಸಿಗುತ್ತೆ.

ಇದು ವಿಲಿಯಂ ಜಾನ್ಸನ್ ಮನೆ. 1809ರಲ್ಲಿ ಗುಲಾಮನಾಗಿ ಹುಟ್ಟಿದವನು. 1820ರಲ್ಲಿ, ಹನ್ನೊಂದರ ವಯಸ್ಸಿಗೆ ಬಿಡುಗಡೆಯಾಯಿತು. ಬಿಡಿಸಿದ ಒಡೆಯನ ಹೆಸರೂ ವಿಲಿಯಂ ಜಾನ್ಸನ್ನೇ. ಬಹುಶಃ ಅಪ್ಪನೂ ಅವನೇ. ಹುಡುಗ ಕ್ಷೌರ ಕಲಿತ, ಅಂಗಡಿ ಇಟ್ಟ, ಊರಿನ ದೊಡ್ಡ ಮನುಷ್ಯರ ಗಡ್ಡ ಕೆರೆದು ಬೆಳೆದ. 1840ರ ಮೇ ತಿಂಗಳ ಸುಂಟರಗಾಳಿಗೆ ಊರು ನೆಲಕಚ್ಚಿದಾಗ, ಬಿದ್ದ ಕಟ್ಟಡಗಳ ಇಟ್ಟಿಗೆ ತಂದು ಈ ಮನೆ ಕಟ್ಟಿಸಿದ. 1835ರಿಂದ 1851ರವರೆಗೆ ಡೈರಿ ಬರೆದ. ಹವಾಮಾನ, ಕುದುರೆ ಜೂಜು, ಯಾರು ಯಾರಿಗೆ ಹೊಡೆದರು, ಅಂಗಡಿಯಲ್ಲಿ ಕೇಳಿದ ಹರಟೆ. ಕ್ಷೌರದಂಗಡಿಯಲ್ಲಿ ಕೂತವನಿಗೆ ಊರಿನ ಯಾವ ಸುದ್ದಿ ತಪ್ಪುತ್ತದೆ, ಹೇಳಿ?

ಕಥೆ ಇಲ್ಲಿಗೆ ಮುಗಿದಿದ್ದರೆ ಶಾಲೆ ಪಾಠಕ್ಕೆ ಸರಿಹೋಗುತ್ತಿತ್ತು. ಆದರೆ ಜಾನ್ಸನ್ ತಾನೂ ಗುಲಾಮರನ್ನು ಕೊಂಡಿದ್ದ. ಮನೆಯ ಪ್ರದರ್ಶನ ಅದನ್ನು ಮುಚ್ಚಿಡುವುದಿಲ್ಲ. 1851ರಲ್ಲಿ ಜಮೀನಿನ ಗಡಿ ಜಗಳದಲ್ಲಿ ಬೇಲರ್ ವಿನ್ ಅನ್ನುವವನು ಅವನನ್ನು ಗುಂಡಿಟ್ಟು ಕೊಂದ. ನೋಡಿದವರು ಕಪ್ಪು ಜನರು ಮಾತ್ರ. ಬಿಳಿಯನ ವಿರುದ್ಧ ಕಪ್ಪು ಮನುಷ್ಯನ ಸಾಕ್ಷಿ ಆಗ ನಡೆಯುತ್ತಿರಲಿಲ್ಲ. ವಿನ್‌ನನ್ನೂ ಊರು ಮಿಶ್ರ ರಕ್ತದವನು ಅಂತಲೇ ತಿಳಿದಿತ್ತು, ಆದರೆ ತಾನು ಕರಿಯನಲ್ಲ ಅಂತ ವಾದಿಸಿ ಪಾರಾದ.

ದೊಡ್ಡ ಮನೆ ಒಂದು ನೋಡಿದ ಮೇಲೆ ಇದನ್ನು ನೋಡಿ, ಮುಂಚೆ ಅಲ್ಲ. ಆಗ ಈ ಕೋಣೆಗಳ ಅಳತೆ ಸರಿಯಾಗಿ ಗೊತ್ತಾಗುತ್ತದೆ.

ಇದಾದ ಮೇಲೆ ಅರ್ಧ ಗಂಟೆ ಉಳಿದರೆ 'ಫೋರ್ಕ್ಸ್ ಆಫ್ ದಿ ರೋಡ್'ಗೆ ಹೋಗಿ. ಅಲ್ಲಿ ಮನೆ ಇಲ್ಲ. ಒಂದು ಕವಲುದಾರಿ, ಮಾಹಿತಿ ಫಲಕಗಳು, ಕಾಂಕ್ರೀಟಿನಲ್ಲಿ ಹುಗಿದ ಕಬ್ಬಿಣದ ಸರಪಳಿ. 1833ರ ಕಾಲರಾ ಗಲಾಟೆಯ ನಂತರ ಗುಲಾಮರ ವ್ಯಾಪಾರವನ್ನು ಊರ ಗಡಿಯಾಚೆ ಇಲ್ಲಿಗೆ ದಬ್ಬಿದರು. ಆ ಸೀಮೆಯಲ್ಲಿ ನ್ಯೂ ಓರ್ಲಿಯನ್ಸ್ ಬಿಟ್ಟರೆ ದೊಡ್ಡ ಮಾರುಕಟ್ಟೆ ಇದೇ. 1863ರಲ್ಲಿ ಉತ್ತರದ ಸೈನ್ಯದಲ್ಲಿದ್ದ ಕಪ್ಪು ಸೈನಿಕರು ಇಲ್ಲಿನ ದೊಡ್ಡಿಗಳನ್ನು ಕೆಡವಿದರು. 2021ರಲ್ಲಿ ಈ ಜಾಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ನೋಡಲು ಏನೂ ಇಲ್ಲ ಅಂತ ಕೆಲವರು ಅನ್ನುತ್ತಾರೆ. ಹೌದು, ಇಲ್ಲ.

ಇನ್ನುಳಿದ ಕೆಲವು

ಆಬರ್ನ್ 1812ರ ಮನೆ, ಡಂಕನ್ ಪಾರ್ಕಿನೊಳಗೆ. ಇದರಲ್ಲಿ ಆಸರೆಯೇ ಇಲ್ಲದೆ ಸುತ್ತಿಕೊಂಡು ಮೇಲೇರುವ ಮೆಟ್ಟಿಲಿದೆ, ಅದನ್ನು ನೋಡಲೆಂದೇ ಹೋಗುವವರಿದ್ದಾರೆ. ಕಟ್ಟಿದ ಲೀವೈ ವೀಕ್ಸ್ ಕಥೆ ಇನ್ನೂ ರೋಚಕ. 1800ರಲ್ಲಿ ನ್ಯೂಯಾರ್ಕ್‌ನಲ್ಲಿ ಒಬ್ಬ ಯುವತಿಯ ಕೊಲೆ ಆರೋಪ ಅವನ ಮೇಲಿತ್ತು. ಅವನ ಪರ ವಾದಿಸಿದವರು ಆ ಕಾಲದ ದೊಡ್ಡ ರಾಜಕಾರಣಿಗಳಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ಆರನ್ ಬರ್, ಇಬ್ಬರೂ ಒಟ್ಟಿಗೆ. ನಾಲ್ಕು ವರ್ಷದ ಮೇಲೆ ಬರ್ ಹ್ಯಾಮಿಲ್ಟನ್‌ನನ್ನು ದ್ವಂದ್ವಯುದ್ಧದಲ್ಲಿ ಕೊಂದಿದ್ದು ನಿಮಗೆ ಗೊತ್ತಿರಬಹುದು. ವೀಕ್ಸ್ ಖುಲಾಸೆಯಾದ, ಆದರೆ ಊರು ಅವನನ್ನು ನಂಬಲಿಲ್ಲ. ಅಲೆದು ಅಲೆದು ಇಲ್ಲಿ ಬಂದು ನೆಲೆನಿಂತ. ಮರಗೆಲಸ, ಕಟ್ಟಡದಲ್ಲಿ ಆಸಕ್ತಿ ಇರುವವರು ಸ್ಟ್ಯಾಂಟನ್ ಹಾಲ್ ಬಿಟ್ಟು ಇದಕ್ಕೆ ಹೋಗಿ.

ಎಲಿಕಾಟ್ ಬೆಟ್ಟದ ಮನೆ 1798ರದ್ದು, ಚಿಕ್ಕದು. ಹಿಂದಿನ ವರ್ಷ ಇದೇ ಗುಡ್ಡದ ಮೇಲೆ ಅಮೆರಿಕದ ಸರ್ವೇಯರ್ ಆಂಡ್ರ್ಯೂ ಎಲಿಕಾಟ್ ಆಗ ಊರನ್ನು ಹಿಡಿದಿದ್ದ ಸ್ಪೇನಿನವರಿಗೆ ಕಾಣುವ ಹಾಗೆ ಅಮೆರಿಕದ ಬಾವುಟ ಏರಿಸಿದ್ದ. ಹತ್ತಿ ದುಡ್ಡು ಬರುವ ಮುಂಚೆ ಈ ಊರು ಹೇಗಿತ್ತು ಅಂತ ತಿಳಿಯಲು ಒಳ್ಳೆಯದು. ಡನ್‌ಲೀತ್, ಮನ್‌ಮತ್ ಮನೆಗಳು ವಸತಿಗೃಹಗಳಾಗಿವೆ. ಡನ್‌ಲೀತ್‌ನ ಸುತ್ತ ನಾಲ್ಕೂ ಕಡೆ ಕಂಬಗಳಿವೆ, ರಸ್ತೆಯಿಂದ ಫೋಟೋ ತೆಗೆದರೆ ಸಾಕು. ರಾತ್ರಿ ಉಳಿಯುವ ದುಡ್ಡಿಗೆ ನಾಲ್ಕು ಮನೆ ನೋಡಬಹುದು.

ನಿಮಗೆ ಯಾವ ಸಮಯ?

ಅರ್ಧ ದಿನ ಇದ್ದರೆ ಲಾಂಗ್‌ವುಡ್, ಆಮೇಲೆ ಜಾನ್ಸನ್ ಮನೆ. ಇಡೀ ದಿನ ಇದ್ದರೆ ಬೆಳಿಗ್ಗೆ ಲಾಂಗ್‌ವುಡ್, ಅಲ್ಲಿಂದ ಹತ್ತಿರದ ಮೆಲ್‌ರೋಸ್, ಊಟ, ಮಧ್ಯಾಹ್ನ ಜಾನ್ಸನ್ ಮನೆ, ಸಂಜೆ ನದಿ ದಂಡೆ. ಇನ್ನೂ ಅರ್ಧ ದಿನ ಇದ್ದರೆ ಆಬರ್ನ್ ಅಥವಾ ರೊಸಾಲಿ, ಎರಡರಲ್ಲಿ ಒಂದು. ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ನಮ್ಮವ್ವನ ಮಾತು ನೆನಪಿರಲಿ.

ವಸಂತದ ಪಿಲ್‌ಗ್ರಿಮೇಜ್ ಮಾರ್ಚ್-ಏಪ್ರಿಲ್‌ನಲ್ಲಿ ನಡೆಯುತ್ತದೆ. ಆಗ ಜನ ವಾಸವಿರುವ ಖಾಸಗಿ ಮನೆಗಳೂ ಬಾಗಿಲು ತೆರೆಯುತ್ತವೆ, ಅಜೇಲಿಯಾ ಹೂ ಬಿಟ್ಟಿರುತ್ತದೆ, ಕೆಲವು ಕಡೆ ಬಳೆಲಂಗ (ಒಳಗೆ ಬಳೆಯಂಥ ಚೌಕಟ್ಟಿನ ಹಳೆ ಕಾಲದ ಅಗಲ ಲಂಗ) ತೊಟ್ಟ ಹೆಂಗಸರು ಸ್ವಾಗತಿಸುತ್ತಾರೆ. ಚಂದವೇ, ಆದರೆ ರೂಮು ದುಬಾರಿ, ಸಾಲು ಉದ್ದ. ಆ ಬಳೆಲಂಗದ ವೈಭವದಲ್ಲಿ ಹಿತ್ತಲಿನ ಕಥೆ ಮರೆಯಾಗುವುದೂ ಉಂಟು. ಮೊದಲ ಸಲ ಹೋಗುವವರಿಗೆ ನವೆಂಬರ್ ಅಥವಾ ಫೆಬ್ರವರಿಯೇ ವಾಸಿ. ನೆಂಟರ ಮನೆ ನೋಡಿದ ಹಾಗೆ ನಿಧಾನವಾಗಿ ನೋಡಬಹುದು.

ಗೈಡ್ ಚೆನ್ನಾಗಿದ್ದಾರಾ ಅಂತ ತಿಳಿಯಲು ನನ್ನದೊಂದು ಪ್ರಶ್ನೆ ಇದೆ. ಮೊದಲ ಕೋಣೆಯಲ್ಲೇ ಕೇಳಿ: "ಈ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ರಾತ್ರಿ ಎಲ್ಲಿ ಮಲಗುತ್ತಿದ್ದರು?" ಕೆಲವರು ಕಣ್ಣರಳಿಸಿ ಶುರು ಮಾಡುತ್ತಾರೆ, ಹಿತ್ತಲ ಕಡೆ ಕೈ ತೋರುತ್ತಾರೆ, ಹೆಸರು ಹೇಳುತ್ತಾರೆ. ಕೆಲವರು ತಟ್ಟೆಗಳ ವಿಷಯಕ್ಕೆ ಮರಳುತ್ತಾರೆ. ಒಳಗೆ ಫೋಟೋ ತೆಗೆಯಬಹುದಾ ಅನ್ನುವುದನ್ನೂ ಆಗಲೇ ಕೇಳಿಬಿಡಿ, ಒಂದೊಂದು ಮನೆಗೆ ಒಂದೊಂದು ನಿಯಮ.

ಸಸ್ಯಾಹಾರಿಗಳು ಊಟಕ್ಕೆ ಸ್ವಲ್ಪ ತಯಾರಿ ಮಾಡಿಕೊಳ್ಳಿ. ಇಲ್ಲಿ ಸೊಪ್ಪಿನ ಪಲ್ಯಕ್ಕೂ ಹಂದಿಮಾಂಸ ಬೀಳುತ್ತದೆ, ಕೇಳದೆ ಬಾಯಿಗಿಡಬೇಡಿ. ಬಿಸ್ಕೆಟ್ ಅಂದರೆ ನಮ್ಮ ಬಿಸ್ಕತ್ತಲ್ಲ, ಬೆಣ್ಣೆ ಹಾಕಿದ ಮೆತ್ತನೆ ಬನ್ನು. ಅದು ಧೈರ್ಯವಾಗಿ ತಿನ್ನಬಹುದು ಅಂದುಕೊಂಡಿದ್ದೆ. ಕೆಲವು ಕಡೆ ಅದಕ್ಕೂ ಹಂದಿಕೊಬ್ಬು ಬಳಸುತ್ತಾರಂತೆ, ಕೇಳುವುದು ಒಳ್ಳೆಯದು. ಗ್ರಿಟ್ಸ್ ಒಗ್ಗರಣೆ ಇಲ್ಲದ ತೆಳು ಉಪ್ಪಿಟ್ಟು. ಅವ್ವ ಪರ್ಸಿನಿಂದ ಉಪ್ಪಿನಕಾಯಿ ಬಾಟಲಿ ತೆಗೆದರು, ಆಮೇಲೆ ಎಲ್ಲರಿಗೂ ಹೊಟ್ಟೆ ತುಂಬಿತು.

ಹೊರಡುವ ಹಿಂದಿನ ದಿನ ಪ್ರತಿ ಮನೆಗೂ ಫೋನ್ ಮಾಡಿ. ಈ ಮನೆಗಳನ್ನು ಮದುವೆಗೂ ಬಾಡಿಗೆ ಕೊಡುತ್ತಾರೆ, ರಿಪೇರಿಗೂ ಮುಚ್ಚುತ್ತಾರೆ. ಮೊದಲ ಸಲ ನಾವು ಒಂದು ಮನೆಯ ಮುಂದೆ ಕಾರು ನಿಲ್ಲಿಸಿದರೆ ಗೇಟಿಗೆ ಹೂವಿನ ಹಾರ, ಹುಲ್ಲಿನ ಮೇಲೆ ಬಿಳಿ ಕುರ್ಚಿಗಳ ಸಾಲು. ಕೋಟು ತೊಟ್ಟ ಹುಡುಗನೊಬ್ಬ ಓಡಿ ಬಂದು, ರೇಷ್ಮೆ ಸೀರೆಯಲ್ಲಿದ್ದ ಅವ್ವನನ್ನು ನೋಡಿ, ನೀವು ಹುಡುಗಿ ಕಡೆಯವರಾ, ಹುಡುಗನ ಕಡೆಯವರಾ ಅಂತ ಕೇಳಿದ.